ಕೊಳೆರೋಗವೂ ಮೈಲುತುತ್ತವೂ

ಗಿಡಮರಗಳಿಗೂ ವ್ಯಾಧಿಯುಂಟು, ವ್ಯಾಧಿಗೆ ಚಿಕಿತ್ಸೆಯೂ ಉಂಟು ಎಂಬ ತಿಳಿವು ಕನ್ನಡನಾಡಿಗೆ ಪರದೇಶದಿಂದ ಬಂದದ್ದಲ್ಲ. ಕ್ರಿ.ಶ. 1025ರ ಸುಮಾರಿಗೆ, ಚಾಳುಕ್ಯ ಜಯಸಿಂಹನ ಆಳ್ವಿಕೆಯಲ್ಲಿ, ಚಾವುಂಡರಾಯನೆಂಬ ಕವಿ (ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಗಂಗಮಂತ್ರಿಯಲ್ಲ, ಅವನಿಗಿಂತ ಈಚಿನವನು) ರಚಿಸಿದ ‘ಲೋಕೋಪಕಾರ’ವು ಜ್ಯೋತಿಷ, ವಾಸ್ತು, ನೆಲದೊಳಗಿನ ನೀರನ್ನು ಕಾಣುವ ಬಗೆ, ಸೂಪಶಾಸ್ತ್ರ, ವಿಷವೈದ್ಯ ಮೊದಲಾಗಿ ಗೃಹಸ್ಥನಿಗೆ ಬೇಕಾದ ವಿದ್ಯೆಗಳ ನಡುವೆ ವೃಕ್ಷಾಯುರ್ವೇದಕ್ಕೂ ಸ್ಥಾನವನ್ನು ಕೊಟ್ಟಿದೆ. ಅಡಿಗೆಮನೆಯ ಶಾಸ್ತ್ರವನ್ನೂ ಹಿತ್ತಲಿನ ಶಾಸ್ತ್ರವನ್ನೂ ಒಂದೇ ಗ್ರಂಥದಲ್ಲಿ, ಅದರಲ್ಲಿಯೂ ಕನ್ನಡದಲ್ಲಿ, ಹೇಳಬೇಕೆಂದು ಬಗೆದ ಆ ಕವಿಯ ಲೋಕಾನುಭವವು ಮೆಚ್ಚತಕ್ಕದ್ದು.

ಈ ವಿದ್ಯೆಯ ಮೂಲಪರಂಪರೆ ಸಂಸ್ಕೃತದ್ದು. ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ, ಚಳಿ ಗಾಳಿ ಬಿಸಿಲುಗಳ ಆಧಿಕ್ಯದಿಂದ ಮರಕ್ಕೆ ರೋಗವುಂಟಾಗುವುದೆಂದೂ, ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಇವು ಅದರ ಲಕ್ಷಣಗಳೆಂದೂ ಹೇಳಿ, ಮೊದಲು ಶಸ್ತ್ರದಿಂದ ಕೆಟ್ಟ ಭಾಗವನ್ನು ಶೋಧಿಸಿ, ಬಳಿಕ ವಾಯುವಿಳಂಗ, ತುಪ್ಪ, ಕೆಸರುಗಳ ಲೇಪವನ್ನು ಬಳಿದು, ಹಾಲು ಬೆರೆಸಿದ ನೀರನ್ನು ಎರೆಯಬೇಕೆಂದು ವಿಧಿಸಿದ್ದಾನೆ. ಸುರಪಾಲನು ತನ್ನ ‘ವೃಕ್ಷಾಯುರ್ವೇದ’ದಲ್ಲಿ ಇನ್ನೂ ಮುಂದೆ ಹೋಗಿ, ಮನುಷ್ಯನಿಗಿದ್ದಂತೆ ವೃಕ್ಷಕ್ಕೂ ವಾತ ಪಿತ್ತ ಕಫಗಳೆಂಬ ತ್ರಿದೋಷಗಳನ್ನು ಕಲ್ಪಿಸಿದನು. ಕೆಳದಿಯ ಬಸವರಾಜನು ಹದಿನೆಂಟನೆಯ ಶತಮಾನದ ಆದಿಯಲ್ಲಿ ‘ಶಿವತತ್ತ್ವರತ್ನಾಕರ’ವನ್ನು ಬರೆಯುವಾಗಲೂ ಈ ವಿಷಯವನ್ನು ಬಿಡಲಿಲ್ಲ. ತುಪ್ಪ ಹಾಲುಗಳ ಈ ವೈದ್ಯವು ಅರಸರ ಉಪವನಗಳಿಗೆ ಒಪ್ಪುವುದೇ ಹೊರತು, ಮಕ್ಕಳಿಗೇ ಹಾಲು ಸಾಲದ ಮನೆಯ ಹಿತ್ತಲಿಗೆ ಒಗ್ಗುವುದಲ್ಲ. ಆದರೆ ಔಷಧಕ್ಕಿಂತ ಮೊದಲು ಕತ್ತಿಯನ್ನು ಹೇಳಿದ ವರಾಹಮಿಹಿರನ ವಿವೇಕವನ್ನು ಇಂದಿನ ಸಸ್ಯವೈದ್ಯನೂ ಅಲ್ಲಗಳೆಯಲಾರನು.

ಬಡವರ ಹಿತ್ತಲಿನ ವೈದ್ಯವೇ ಬೇರೆ. ಅವರೆಯ ಕುಡಿಗೆ ಹೇನು ಹತ್ತಿದರೆ ಒಲೆಯ ಬೂದಿಯನ್ನು ಮುಂಜಾನೆಯ ಇಬ್ಬನಿ ಆರುವ ಮುನ್ನ ಎರಚುವುದು, ಬುಡಕ್ಕೆ ಬೇವಿನ ಹಿಂಡಿ ಹಾಕುವುದು, ಗಂಜಲವನ್ನು ನೀರು ಬೆರೆಸಿ ಚಿಮುಕಿಸುವುದು: ಇವಕ್ಕೆ ಗ್ರಂಥವೂ ಬೇಕಿರಲಿಲ್ಲ, ಗುರುವೂ ಬೇಕಿರಲಿಲ್ಲ.

ಗ್ರಂಥವೂ ಬೂದಿಯೂ ಎರಡೂ ಸೋತದ್ದು ಮಲೆನಾಡಿನ ಅಡಕೆತೋಟದಲ್ಲಿ. ಮನೆಯ ಹಿತ್ತಲ ಬಾಗಿಲಿನಿಂದಲೇ ಇಳಿದುಹೋಗುವ ಆ ತೋಟಗಳಿಗೆ, ಮುಂಗಾರು ಹಿಡಿದು ದಿನಗಟ್ಟಲೆ ಬಿಡದೆ ಸುರಿಯತೊಡಗಿತೆಂದರೆ, ಕೊಳೆರೋಗದ ಭಯ ಆರಂಭವಾಗುವುದು. ಮೊದಲು ಎಳೆಯ ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಕಲೆಯೊಂದು ಕಾಣಿಸಿಕೊಳ್ಳುವುದು. ಕಲೆ ಹಬ್ಬಿದಂತೆಲ್ಲ ಕಾಯಿ ತನ್ನ ಹೊಳಪನ್ನು ಕಳೆದುಕೊಂಡು, ಒಂದೊಂದಾಗಿ ಉದುರತೊಡಗಿ, ಬಿದ್ದಲ್ಲಿಯೇ ಬೆಳ್ಳಗಿನ ಬೂಸನ್ನು ಹೊದ್ದುಕೊಳ್ಳುವುದು. ಒಂದು ಮರದ ಕೊನೆಯಿಂದ ಪಕ್ಕದ ಮರದ ಕೊನೆಗೆ, ಗಾಳಿ ಹೊಡೆಸಿದ ಮಳೆಯ ಹನಿಯೊಡನೆ ರೋಗವು ದಾಟುವುದು. ದುರ್ದೈವದಿಂದ ಅದು ಮರದ ಸುಳಿಗೆ ಇಳಿಯಿತೆಂದರೆ, ಹೋಗುವುದು ಆ ವರ್ಷದ ಫಸಲಷ್ಟೇ ಅಲ್ಲ, ಮರವೇ. ವರ್ಷದ ಜೀವನವೆಲ್ಲ ಆ ಒಂದು ಫಸಲನ್ನು ನಂಬಿದ್ದ ಮನೆಗಳಿಗೆ ಇದು ಎಂತಹ ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ತೋಟದವರು ಕೈಕಟ್ಟಿ ಕುಳಿತಿರಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಕರಡದ ಹುಲ್ಲಿನಿಂದಲೋ ಅಡಕೆಯ ಹಾಳೆಯಿಂದಲೋ ಕೊಟ್ಟೆಗಳನ್ನು ಮಾಡಿಟ್ಟುಕೊಂಡು, ಕೊನೆಗಾರನನ್ನು ಮರ ಹತ್ತಿಸಿ, ಒಂದೊಂದು ಕೊನೆಗೂ, ಮಳೆಯಲ್ಲಿ ಗದ್ದೆಗೆ ಹೊರಟ ಆಳು ತಲೆಗೆ ಗೊರಬು ಹಾಕಿಕೊಂಡಂತೆ, ಒಂದೊಂದು ಕೊಟ್ಟೆಯನ್ನು ಕಟ್ಟಿಸುತ್ತಿದ್ದರು. ಕಾಲಿಗೆ ತಳೆ ಹಾಕಿ, ಹಾಸುಗಟ್ಟಿದ ನುಣುಪಾದ ಮರವನ್ನು ಏರಿ, ಅಷ್ಟೆತ್ತರದಲ್ಲಿ ಎರಡು ಕೈಗಳನ್ನೂ ಬಿಟ್ಟು ಗಂಟು ಹಾಕುವ ಆ ಕುಶಲಿಗಳ ಸಾಹಸಕ್ಕೆ ಸಾಕಷ್ಟು ಮನ್ನಣೆ ಎಂದೂ ದೊರೆತಿಲ್ಲ. ಕೊಟ್ಟೆಯನ್ನು ಹಳ್ಳಿಯವರ ಮೂಢಪದ್ಧತಿಯೆಂದು ಎಣಿಸುವುದು ನನ್ನ ಮತದಲ್ಲಿ ಅನ್ಯಾಯ. ರೋಗಕ್ಕೆ ಕಾರಣವೇನೆಂದು ಅವರು ಅರಿಯದಿದ್ದರೂ, ಕಾಯಿ ನೆನೆಯದಿದ್ದರೆ ಕೊಳೆಯದೆಂಬುದನ್ನು ಅರಿತಿದ್ದರು. ರೋಗ ಬಂದ ಮೇಲೆ ಮದ್ದನ್ನು ಅರಸುವ ಶಾಸ್ತ್ರಕಾರರಿಗಿಂತ, ಬರುವ ಮುನ್ನವೇ ಮರೆ ಕಟ್ಟಿದ ಇವರು ಸತ್ಯಕ್ಕೆ ಹತ್ತಿರವಾಗಿದ್ದರು.

ಕಾರಣವನ್ನು ಕಂಡು ವಿವರಿಸುವ ಕೆಲಸ ಇನ್ನೊಬ್ಬನಿಗೆ ಕಾದಿತ್ತು. ಕೆನಡಾ ದೇಶದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಉನ್ನತ ವ್ಯಾಸಂಗ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಶಿಲೀಂಧ್ರ ಮತ್ತು ಕೀಟಗಳ ತಜ್ಞನಾಗಿ ಬಂದ ಲೆಸ್ಲಿ ಕೋಲ್ಮನ್ ಎಂಬ ಯುವಕನು ಅಡಕೆಯ ಕೊಳೆಯನ್ನೇ ತನ್ನ ಮೊದಲ ದೊಡ್ಡ ಕಾರ್ಯವನ್ನಾಗಿ ಕೈಗೆತ್ತಿಕೊಂಡು, 1910ರಲ್ಲಿ ಅದನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದನು. ಮುಂದೆ ವ್ಯವಸಾಯ ಇಲಾಖೆಯ ನಿರ್ದೇಶಕನಾಗಿ, ಹೆಬ್ಬಾಳದ ವ್ಯವಸಾಯ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರ ಇವುಗಳಿಗೆ ಕಾರಣನಾದವನೂ ಇವನೇ. ಕೊಳೆಗೆ ಹೇತು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಂದು ಅವನು ತೋರಿಸಿದನು: 1845ರಿಂದ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಯಿಸಿ ಕ್ಷಾಮವನ್ನು ತಂದ ಜೀವಿಯ ಸಗೋತ್ರ. ಇದರ ಬೀಜಾಣುಗಳು ಕಾಯಿಯ ಮೇಲಿನ ತೆಳುವಾದ ನೀರಿನ ಪೊರೆಯಲ್ಲಿ ಈಜಿ ಹೋಗಬಲ್ಲವು. ಆದಕಾರಣ ಬಿಡದೆ ಸುರಿಯುವ ಮಳೆಯೇ ಅವಕ್ಕೆ ರಾಜಮಾರ್ಗ.

ಔಷಧವು ಬಂದದ್ದು ಫ್ರಾನ್ಸಿನ ದ್ರಾಕ್ಷಿತೋಟದಿಂದ. ಬೋರ್ಡೋ ಪಟ್ಟಣದ ಆಸುಪಾಸಿನಲ್ಲಿ, ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳ ನೀಲಿಯ ಬಗ್ಗಡವನ್ನು ಎರಚುತ್ತಿದ್ದರು. 1882ರಲ್ಲಿ ಅಲ್ಲಿನ ಅಧ್ಯಾಪಕ ಮಿಲಾರ್ಡೆಯು, ಆ ಬಳ್ಳಿಗಳಲ್ಲಿ ಮಾತ್ರ ಎಲೆಗಳು ಬೂಷ್ಟುರೋಗಕ್ಕೆ ತುತ್ತಾಗದೆ ಉಳಿದುದನ್ನು ಕಂಡು, ಪ್ರಯೋಗಗಳನ್ನು ನಡೆಸಿ, 1885ರಲ್ಲಿ ಪಾಕವನ್ನು ಪ್ರಕಟಪಡಿಸಿದನು. ಕಳ್ಳರ ಭಯದಿಂದ ಹುಟ್ಟಿದ ಶಾಸ್ತ್ರವೆಂದು ಇದನ್ನು ಕರೆದರೆ ತಪ್ಪಾಗಲಾರದು. ದ್ರಾಕ್ಷಿಯ ಆ ರೋಗವೂ ಅಡಕೆಯ ಕೊಳೆಯೂ ದೂರದ ದಾಯಾದಿಗಳಾದುದರಿಂದ, ಅಲ್ಲಿ ಫಲಿಸಿದ ಮದ್ದು ಇಲ್ಲಿಯೂ ಫಲಿಸಿತು.

ಪಾಕ ಸರಳವಾದುದೇ, ಆದರೆ ಅವಸರವನ್ನು ಸಹಿಸುವಂತಹದಲ್ಲ. 100 ಲೀಟರು ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ; ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಕಲಕುತ್ತ ಸುರಿಯಬೇಕು. ಪಾತ್ರೆ ಮರದ್ದೋ ಮಣ್ಣಿನದೋ ಆಗಬೇಕು, ಕಬ್ಬಿಣದ್ದು ಕೂಡದು. ಹದ ನೋಡುವುದಕ್ಕೆ ಸಾಣೆ ಹಿಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವರು; ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸುವರು, ಇಲ್ಲವಾದರೆ ಬಿಡಿಯಾಗಿ ಉಳಿದ ತುತ್ತವು ಎಳೆಯ ಕಾಯನ್ನೂ ಎಲೆಯನ್ನೂ ಸುಡುವುದು. ಅಂದು ಮಾಡಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ಇದೇ ನೀಲಿಯ ನೀರು ವೀಳ್ಯದ ಬಳ್ಳಿಯ ಕೊಳೆಗೂ, ಮನೆಯಂಗಳದ ನಿಂಬೆಗಿಡದ ಕಜ್ಜಿಗೂ ಮುಂದೆ ಸಂದಿತು.

ಇಷ್ಟಾದರೂ ಇದು ರೋಗವನ್ನು ಗುಣಪಡಿಸುವ ಮದ್ದಲ್ಲ, ತಡೆಯುವ ಮದ್ದು. ಕಾಯಿಯ ಒಳಗೆ ಒಮ್ಮೆ ಹೊಕ್ಕ ಜೀವಿಯನ್ನು ಹೊರಮೈಗೆ ಅಂಟಿದ ತಾಮ್ರವು ಏನೂ ಮಾಡಲಾರದು. ಆದುದರಿಂದಲೇ ಮೊದಲ ಸಿಂಪಡಣೆ ಮುಂಗಾರು ಕಾಲಿಡುವ ಹೊತ್ತಿಗೆ ಮುಗಿದಿರಬೇಕು, ಎರಡನೆಯದು 40-45 ದಿನಗಳ ಬಳಿಕ ಆಗಬೇಕು. ಮಳೆಗೆ ತೊಳೆದುಹೋಗದಿರಲೆಂದು ದ್ರಾವಣಕ್ಕೆ ರಾಳದ ಅಂಟನ್ನು ಬೆರೆಸುವರು. ಉದುರಿದ ಕಾಯಿಗಳನ್ನು ಆರಿಸಿ ಸುಡುವರು. ಆದರೆ ಎರಡನೆಯ ಮದ್ದಿನ ಹೊತ್ತಿಗೆ ಆಷಾಢ ಶ್ರಾವಣಗಳ ಮಳೆ ಒಂದು ಹಗಲಿನ ಹೊಳವನ್ನಾದರೂ ಕೊಟ್ಟರೆ ತಾನೆ? ಕೊಡದ ವರ್ಷಗಳೇ ಹೆಚ್ಚಾದ ತೋಟಗಳಲ್ಲಿ ಈಗ ಮಳೆಗೆ ಮುಂಚೆಯೇ ಕೊನೆಗೆ ಪ್ಲಾಸ್ಟಿಕ್ಕಿನ ಚೀಲವನ್ನು ಕಟ್ಟುವ ಕ್ರಮವೂ ಬಂದಿದೆ. ಕಟ್ಟುವುದಕ್ಕೊಮ್ಮೆ, ಬಿಚ್ಚುವುದಕ್ಕೊಮ್ಮೆ ಮರ ಹತ್ತಬೇಕಾದುದರಿಂದ, ಕೊನೆಗಾರರೇ ಸಿಕ್ಕದ ಈ ದಿನಗಳಲ್ಲಿ ಅದಕ್ಕೆ ತಗಲುವ ಕೂಲಿಯನ್ನು ಲೆಕ್ಕಹಾಕಿ ನೋಡಿದ ಅನೇಕರು ಮತ್ತೆ ಮೈಲುತುತ್ತದ ಕಡೆಗೇ ತಿರುಗುತ್ತಾರೆ.