ಹತ್ತನೆಯ ಚಾಮರಾಜೇಂದ್ರ ಒಡೆಯರ್ (1863–1894)

ಮೈಸೂರು ಸಂಸ್ಥಾನದ ಅರಸು. ಐದು ವರ್ಷದ ಬಾಲಕನಾಗಿದ್ದಾಗ, 1868ರಲ್ಲಿ, ಪಟ್ಟಕ್ಕೆ ಬಂದರೂ ಆಡಳಿತ ಕೈಗೆ ಸಿಕ್ಕಿದ್ದು 1881ರ ಮಾರ್ಚ್ 25ರಂದು. ಆಳಿದ್ದು ಹದಿಮೂರು ವರ್ಷ ಮಾತ್ರ, ಬದುಕಿದ್ದು ಮೂವತ್ತೊಂದು ವರ್ಷ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಸಂಸ್ಥಾನ ಮತ್ತೆ ಒಡೆಯರ ವಂಶಕ್ಕೆ ಮರಳಿದ್ದು ಇವರ ಕಾಲದಲ್ಲಿ. ಭಾರತದ ದೇಶೀಯ ಸಂಸ್ಥಾನವೊಂದರಲ್ಲಿ ಮೊದಲ ಪ್ರಜಾಪ್ರತಿನಿಧಿ ಸಭೆ ಸೇರಿದ್ದೂ ಇವರ ಕಾಲದಲ್ಲಿಯೇ.

ದತ್ತು ಮತ್ತು ಬಾಲ್ಯ

ನಗರ ಪ್ರಾಂತ್ಯದ ರೈತರ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡಿದ್ದರು. ರಾಜ್ಯವನ್ನು ಮರಳಿ ಕೊಡಿ ಎಂದು ಮುಮ್ಮಡಿಯವರು ದಶಕಗಟ್ಟಲೆ ಅರ್ಜಿ ಹಾಕಿಕೊಳ್ಳುತ್ತಲೇ ಬಂದರು. ಗಂಡುಸಂತಾನವಿಲ್ಲದ ಅವರು 1865ರ ಜೂನ್‌ನಲ್ಲಿ ಬೆಟ್ಟದಕೋಟೆ ಮನೆತನದ ಚಿಕ್ಕಕೃಷ್ಣರಾಜೇ ಅರಸರ ಮಗನನ್ನು ದತ್ತು ತೆಗೆದುಕೊಂಡರು. ಮಗುವಿಗೆ ಆಗ ಎರಡು ವರ್ಷ. ಮಗ ಮಾತ್ರವಲ್ಲ, ರಾಜ್ಯಕ್ಕೂ ವಾರಸುದಾರನಾಗಬೇಕಿದ್ದ ಈ ದತ್ತನ್ನು ಬ್ರಿಟಿಷ್ ಸರ್ಕಾರ ಮೊದಲು ಒಪ್ಪಲಿಲ್ಲ. ಒಪ್ಪಿಗೆ ಬಂದದ್ದು 1867ರಲ್ಲಿ, ಲಂಡನ್ನಿನಿಂದ. ಭಾರತ ಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟ್ ಸಂಸ್ಥಾನವನ್ನು ಮುಂದೆ ಈ ಬಾಲಕನಿಗೆ ಬಿಟ್ಟುಕೊಡುವ ತೀರ್ಮಾನ ಮಾಡಿದರು. ಮರುವರ್ಷ ಮಾರ್ಚ್‌ನಲ್ಲಿ ಮುಮ್ಮಡಿಯವರು ತೀರಿಕೊಂಡರು. ಮೂವತ್ತೇಳು ವರ್ಷ ಬಿಡದೆ ನಡೆಸಿದ ಹೋರಾಟದ ಫಲವನ್ನು ಅವರು ಕಣ್ಣಾರೆ ಕಾಣಲಿಲ್ಲ.

ಬಾಲಕನ ಶಿಕ್ಷಣ ಇಂಗ್ಲಿಷ್ ಪೋಷಕರ ಮೇಲ್ವಿಚಾರಣೆಯಲ್ಲಿ ನಡೆಯಿತು. ಅವರಲ್ಲಿ ಹೆಚ್ಚು ಕಾಲ ಇದ್ದವನು ಇತಿಹಾಸಕಾರನೂ ಆಗಿದ್ದ ಕರ್ನಲ್ ಮ್ಯಾಲಿಸನ್. ಅರಸು ಮನೆತನದ ಹುಡುಗರ ಜೊತೆಯಲ್ಲಿ ಕನ್ನಡ, ಇಂಗ್ಲಿಷ್, ಕುದುರೆ ಸವಾರಿ ಎಲ್ಲವೂ ನಡೆದವು. ಬೆಂಗಳೂರಿನಲ್ಲಿ ಉಳಿದುಕೊಳ್ಳಲೆಂದು ಸೆಂಟ್ರಲ್ ಹೈಸ್ಕೂಲಿನ ಪ್ರಾಂಶುಪಾಲ ಗ್ಯಾರೆಟ್ ಅವರಿಂದ 1873ರಲ್ಲಿ ಕೊಂಡ ಬಂಗಲೆಯ ಜಾಗದಲ್ಲಿಯೇ ಈಗಿನ ಬೆಂಗಳೂರು ಅರಮನೆ ನಿಂತಿದೆ. 1878ರಲ್ಲಿ ಕಳಲೆ ಮನೆತನದ ಕೆಂಪನಂಜಮ್ಮಣ್ಣಿಯವರೊಡನೆ ಮದುವೆಯಾಯಿತು.

ರಾಜ್ಯ ಮರಳಿದ ಬಗೆ

ಹದಿನೆಂಟರ ಹರೆಯದ ಅರಸನಿಗೆ ಸಿಕ್ಕಿದ್ದು ಬರದಿಂದ ಬಸವಳಿದ ನಾಡು. 1876–78ರ ಭೀಕರ ಬರದಲ್ಲಿ ಹಳ್ಳಿಗಳು ಬರಿದಾಗಿದ್ದವು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದ ಒಳಗೆ ಬಂದಿತ್ತು. ಬೊಕ್ಕಸದ ಮೇಲೆ ಬರಗಾಲದ ಸಾಲ. ಅದರ ಮೇಲೆ ಹಸ್ತಾಂತರ ಪತ್ರದ ಕಟ್ಟುಪಾಡುಗಳು: ಹೊಸ ಕೋಟೆ ಕಟ್ಟುವಂತಿಲ್ಲ, ಸ್ವಂತ ನಾಣ್ಯವಿಲ್ಲ, ವರ್ಷವರ್ಷ ತೆರುತ್ತಿದ್ದ 24.5 ಲಕ್ಷ ರೂಪಾಯಿ ಪೊಗದಿ 35 ಲಕ್ಷಕ್ಕೆ ಏರಬೇಕು. ಏರಿಕೆಯನ್ನು ಬರದ ಕಾರಣಕ್ಕೆ ಮುಂದೂಡಲಾಯಿತು. ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು.

ಇಷ್ಟೆಲ್ಲ ಕಟ್ಟುಗಳ ನಡುವೆ ಹೊಸ ಸರ್ಕಾರದ ಮೊದಲ ದೊಡ್ಡ ಕೆಲಸವೇ ಪ್ರಜಾಪ್ರತಿನಿಧಿ ಸಭೆ. ದಿವಾನ್ ರಂಗಾಚಾರ್ಲು ಅವರ ಕಲ್ಪನೆ, ಅರಸರ ಆಜ್ಞೆ. 1881ರ ಅಕ್ಟೋಬರ್ 7ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 144 ಪ್ರತಿನಿಧಿಗಳು ಸೇರಿದರು. ತಾಲ್ಲೂಕುಗಳಿಂದ ಬಂದ ಜಮೀನುದಾರರು, ವರ್ತಕರು ದಸರಾ ಸಮಯದಲ್ಲಿ ದಿವಾನರ ಎದುರು ಕೂತು ವರ್ಷದ ಲೆಕ್ಕ ಕೇಳಿದರು, ತಮ್ಮ ಊರಿನ ಕಷ್ಟ ಹೇಳಿಕೊಂಡರು. ಮತ ಹಾಕಿ ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ, ನಿಜ. ಆದರೂ ಸರ್ಕಾರ ರೈತನಿಗೆ ಜವಾಬು ಹೇಳಬೇಕೆಂಬ ರೂಢಿ ಈ ನೆಲದಲ್ಲಿ ಅಂದೇ ಬೇರುಬಿಟ್ಟಿತು.

ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದ ಕೆ. ಶೇಷಾದ್ರಿ ಅಯ್ಯರ್ ಅರಸರ ಕೊನೆಯವರೆಗೂ ದಿವಾನರಾಗಿದ್ದರು. ಬೆಂಗಳೂರು–ಮೈಸೂರು ರೈಲು 1882ರಲ್ಲಿ ಪೂರ್ತಿಯಾಯಿತು. ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಕೋಲಾರದ ಚಿನ್ನದ ಗಣಿಗಳು ಬೆಳೆದು ಸಂಸ್ಥಾನಕ್ಕೆ ರಾಜಧನ ಬರತೊಡಗಿತು. 1891ರ ಗಣತಿಯ ಹೊತ್ತಿಗೆ ಜನಸಂಖ್ಯೆ ನಲವತ್ತೊಂಬತ್ತು ಲಕ್ಷಕ್ಕೆ ಚೇತರಿಸಿಕೊಂಡಿತು. 1894ರ ಶಾಸನವೊಂದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಈ ಮಿತಿ ಇಂದಿಗೆ ಅತಿ ಸಣ್ಣದೆನಿಸಬಹುದು. ಅಂದು ಅದಕ್ಕೂ ವಿರೋಧವಿತ್ತು.

ವೈಟ್‌ಫೀಲ್ಡ್ ದಾನ

ಬೆಂಗಳೂರಿನ ಮಾರತ್ತಹಳ್ಳಿ ಸೇತುವೆಯಿಂದ ಪೂರ್ವಕ್ಕೆ ಕುಂದಲಹಳ್ಳಿ ದಾಟಿ ಹೋಗುವವರಿಗೆ ಈ ಅರಸರ ಒಂದು ಆಜ್ಞೆಯ ಫಲ ಎದುರಾಗುತ್ತದೆ. 1882ರಲ್ಲಿ ಚಾಮರಾಜೇಂದ್ರರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಸಂಘದ ಮುಖ್ಯಸ್ಥ ಡೇವಿಡ್ ವೈಟ್ ಅವರ ಹೆಸರಿನಲ್ಲಿ ವೈಟ್‌ಫೀಲ್ಡ್ ಹುಟ್ಟಿತು. ಕಚೇರಿ ನೌಕರಿಯನ್ನೇ ನಂಬಿದ್ದ ಸಮುದಾಯ ಬೇಸಾಯದಿಂದ ಸ್ವಂತ ಕಾಲ ಮೇಲೆ ನಿಲ್ಲಲಿ ಎಂಬುದು ಉದ್ದೇಶ. ಊರನ್ನು ವೃತ್ತಾಕಾರದಲ್ಲಿ ಯೋಜಿಸಲಾಗಿತ್ತು. ಇನ್ನರ್ ಸರ್ಕಲ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಈ ಭಾಗದ ಚರಿತ್ರೆ ಸಾಫ್ಟ್‌ವೇರ್ ಕಂಪನಿಗಳಿಂದಲೇ ಶುರುವಾಯಿತೆಂದು ನಂಬುವವರು ಈ ದಾನಪತ್ರವನ್ನು ನೆನೆಯಬೇಕು.

ಕಲೆ ಮತ್ತು ಕನ್ನಡ

ಚರಿತ್ರೆ ಪುಸ್ತಕಗಳು ಈ ಕಾಲದ ಶ್ರೇಯಸ್ಸನ್ನೆಲ್ಲ ದಿವಾನರಿಬ್ಬರಿಗೆ ಹಂಚಿ ಅರಸರನ್ನು ಹಿಂದಕ್ಕೆ ಸರಿಸುತ್ತವೆ. ಅದು ಪೂರ್ತಿ ನ್ಯಾಯವಲ್ಲ. ಸಮರ್ಥನೊಬ್ಬನನ್ನು ಆರಿಸಿ, ಹನ್ನೊಂದು ವರ್ಷ ಅವನ ಬೆನ್ನಿಗೆ ನಿಲ್ಲುವುದೂ ಆಳ್ವಿಕೆಯೇ. ಅಲ್ಲದೆ ಕಲೆಯ ವಿಷಯದಲ್ಲಿ ಅರಸರ ಸ್ವಂತ ಅಭಿರುಚಿ ಎದ್ದು ಕಾಣುತ್ತದೆ. ಸ್ವತಃ ಪಿಟೀಲು ನುಡಿಸುತ್ತಿದ್ದ ಅವರು ವೀಣೆ ಶೇಷಣ್ಣನವರಿಗೆ ಆಶ್ರಯ ಕೊಟ್ಟರು. ತರುಣ ವಾಸುದೇವಾಚಾರ್ಯರನ್ನು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಬಳಿ ಕಲಿಯಲೆಂದು ತಿರುವಯ್ಯಾರಿಗೆ ಕಳುಹಿಸಿದರು. ಆಸ್ಥಾನ ಕವಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು, ಒಥೆಲೊವನ್ನು ‘ಶೂರಸೇನ ಚರಿತ್ರೆ’ಯಾಗಿಸಿದರು, ಮೈಸೂರಿನ ನಾಡಗೀತೆಯನ್ನೂ ರಚಿಸಿದರು. ಅರಮನೆಯ ನಾಟಕ ಕಂಪನಿ ಕನ್ನಡ ವೃತ್ತಿರಂಗಭೂಮಿಗೆ ದಾರಿ ಹಾಕಿತು. ಇದೇ ದಶಕಗಳಲ್ಲಿ ಜರ್ಮನಿಯ ಪುಟ್ಟ ಸಂಸ್ಥಾನ ಸಾಕ್ಸೆ-ಮೈನಿಂಗನ್ನಿನ ಡ್ಯೂಕ್ ಎರಡನೆಯ ಗಿಯಾರ್ಗ್ ತನ್ನ ಆಸ್ಥಾನದ ನಾಟಕ ತಂಡದಿಂದ ಯುರೋಪಿಗೆಲ್ಲ ಹೆಸರಾಗಿದ್ದ. ಸೈನ್ಯವೂ ವಿದೇಶ ನೀತಿಯೂ ದೊಡ್ಡ ಸಾಮ್ರಾಜ್ಯದ ಕೈಗೆ ಹೋದ ಮೇಲೆ ಸಣ್ಣ ಅರಸರಿಗೆ ನಿಜವಾಗಿ ಸ್ವತಂತ್ರವಾಗಿ ಉಳಿದ ಕ್ಷೇತ್ರ ರಂಗಮಂದಿರ, ಗ್ರಂಥಾಲಯ, ಶಾಲೆಗಳು. ಮೈಸೂರಿನ ಓರಿಯಂಟಲ್ ಲೈಬ್ರರಿ 1891ರಲ್ಲಿ, ಮೃಗಾಲಯ 1892ರಲ್ಲಿ ಆರಂಭವಾದವು.

1892ರಲ್ಲಿ ಮೈಸೂರಿಗೆ ಬಂದ ಸ್ವಾಮಿ ವಿವೇಕಾನಂದರನ್ನು ಅರಸರು ಆದರಿಸಿದರು. 1894ರ ಜೂನ್‌ನಲ್ಲಿ ಷಿಕಾಗೋದಿಂದ ಸ್ವಾಮೀಜಿ ಇವರಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ.

ನಿಧನ

1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋಗಿದ್ದಾಗ ಗಂಟಲಮಾರಿ ತಗಲಿ ಚಾಮರಾಜೇಂದ್ರರು 28ರಂದು ಅಲ್ಲಿಯೇ ತೀರಿಕೊಂಡರು. ಹಿರಿಯ ಮಗ ಕೃಷ್ಣರಾಜನಿಗೆ ಆಗ ಹತ್ತು ವರ್ಷ. ಮತ್ತೊಮ್ಮೆ ಬಾಲಕನೊಬ್ಬ ಪಟ್ಟಕ್ಕೇರಬೇಕಾಯಿತು. ಆದರೆ ಈ ಸಲ ರಾಜ್ಯ ಇಂಗ್ಲಿಷ್ ಕಮಿಷನರನ ಕೈಗೆ ಹೋಗಲಿಲ್ಲ. ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ 1902ರವರೆಗೆ ನಡೆಸಿ, ಮಗನಿಗೆ ಒಪ್ಪಿಸಿದರು.