ಯಾವ ಸಾಲು ಯಾರದು?

ಇಮೇಲ್‌ಗೆ ಉತ್ತರ ಬರೆಯುವಾಗ ಎದುರಿನವರ ಸಾಲುಗಳ ಮುಂದೆ > ಗುರುತು ಹಾಕಿ, ಅದರ ಕೆಳಗೆ ತಮ್ಮ ಮಾತು ಸೇರಿಸುವುದು ಒಂದು ಕಾಲಕ್ಕೆ ರೂಢಿಯಾಗಿತ್ತು. ಆ ಉತ್ತರಕ್ಕೆ ಇನ್ನೊಂದು ಉತ್ತರ ಬಂದರೆ ಗುರುತು ಎರಡಾಗುತ್ತಿತ್ತು, ಮತ್ತೊಂದು ಬಂದರೆ ಮೂರು. ಇಬ್ಬರ ಪತ್ರದಲ್ಲಿ ಇದರಿಂದ ತೊಂದರೆಯೇನಿಲ್ಲ. ಆರೇಳು ಜನ ಸೇರಿದ ಚರ್ಚೆಯಲ್ಲಿ ಮಾತ್ರ ಯಾವ ಸಾಲು ಯಾರದೆಂದು ತಿಳಿಯಲು ಗುರುತುಗಳನ್ನು ಎಣಿಸಬೇಕಾಗುತ್ತಿತ್ತು. ಎಣಿಕೆ ತಪ್ಪಿದರೆ ಒಬ್ಬರ ಮಾತು ಇನ್ನೊಬ್ಬರ ತಲೆಗೆ ಬರುತ್ತಿತ್ತು. ಎಷ್ಟೋ ಜಗಳಕ್ಕೆ ಅಷ್ಟು ಸಾಕು.

ಈ ಎಣಿಕೆಯ ಕೆಲಸವನ್ನು ಹಗುರಾಗಿಸಿದ್ದು ಬಣ್ಣ. ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್ ಎಂಬ ಟೆಕ್ಸ್ಟ್ ಎಡಿಟರ್‌ಗೆ 1998ರ 5.0 ಆವೃತ್ತಿಯಲ್ಲಿ ಸಿಂಟ್ಯಾಕ್ಸ್ ಹೈಲೈಟಿಂಗ್ ಬಂತು. ಪ್ರೋಗ್ರಾಂ ಬರೆಯುವವರಿಗೆ ಆದೇಶ, ಸಂಖ್ಯೆ, ಟಿಪ್ಪಣಿಗಳನ್ನು ಬೇರೆಬೇರೆ ಬಣ್ಣದಲ್ಲಿ ತೋರಿಸುವ ಸೌಲಭ್ಯ ಅದು. ಆದರೆ ಮಟ್‌ನಂಥ ಇಮೇಲ್ ತಂತ್ರಾಂಶಗಳು ಪತ್ರ ಬರೆಯಲು ಹೊರಗಿನ ಎಡಿಟರನ್ನೇ ಕರೆಯುತ್ತಿದ್ದವು. ಹೀಗಾಗಿ ವಿಮ್‌ನಲ್ಲಿ ಸಿ, ಪರ್ಲ್ ಭಾಷೆಗಳ ಪಕ್ಕದಲ್ಲೇ ಇಮೇಲ್‌ಗೂ ಒಂದು ವ್ಯಾಕರಣ ಕಡತ ಕುಳಿತಿತು.

ಆ ಕಡತವನ್ನು ತೆರೆದು ಓದಿದರೆ ಹಳೆಯ ರೂಢಿಗಳ ಪದರಗಳೇ ಕಾಣುತ್ತವೆ. ಉಲ್ಲೇಖದ ಗುರುತೆಂದು ಅದು > ಒಂದನ್ನೇ ಒಪ್ಪುವುದಿಲ್ಲ. ನೆಟ್ಟಗಿನ ಗೆರೆಯನ್ನೂ, ಬರೆದವರ ಹೆಸರಿನ ಮೊದಲಕ್ಷರಗಳ ಜೊತೆಗಿನ > ಗುರುತನ್ನೂ ಒಪ್ಪುತ್ತದೆ. ಆರು ಹಂತಗಳವರೆಗೆ ಉಲ್ಲೇಖವನ್ನು ಬೇರ್ಪಡಿಸುತ್ತದೆ, ಬಣ್ಣ ಮಾತ್ರ ಎರಡೇ. ಒಂದು, ಮೂರು, ಐದನೆಯ ಹಂತಕ್ಕೆ ಒಂದು ಬಣ್ಣ. ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಪಕ್ಕಪಕ್ಕದ ಹಂತಗಳು ಬೆರೆಯುವುದಿಲ್ಲ ನಿಜ. ಆದರೆ ಮೂರನೆಯವರ ಮಾತು ಮೊದಲನೆಯವರ ಬಣ್ಣದಲ್ಲೇ ಬರುತ್ತದೆ, ಮತ್ತೆ ಅದೇ ಗೊಂದಲ. ಆರಕ್ಕೂ ಆರು ಬಣ್ಣ ಬೇಕೆನ್ನುವವರು ಬಳಕೆದಾರರ ಫೋಲ್ಡರ್‌ನೊಳಗೆ 'ಆಫ್ಟರ್' ಎಂಬ ಫೋಲ್ಡರ್‌ನಲ್ಲಿ ತಮ್ಮದೇ ನಾಲ್ಕು ಸಾಲು ಬರೆದಿಡಬಹುದು. ವಿಮ್ ತನ್ನ ಕಡತವನ್ನು ಓದಿದ ಮೇಲೆ ಅದನ್ನು ಓದುವುದರಿಂದ ಬಳಕೆದಾರರ ಮಾತೇ ನಡೆಯುತ್ತದೆ. ಹಂತ ಹೆಚ್ಚಿದಂತೆ ಬಣ್ಣ ಮಸುಕಾಗುವ ಹಾಗೆ ಮಾಡುವುದು ಏಳು ಬಣ್ಣದ ಕಾಮನಬಿಲ್ಲಿಗಿಂತ ಕಣ್ಣಿಗೆ ಹಿತ. ಇದೆಲ್ಲ ಬರೆಯುವವರ ಪರದೆಯ ಮೇಲೆ ಮಾತ್ರ. ಪತ್ರ ಹೋಗುವುದು ಬಣ್ಣವಿಲ್ಲದ ಬರಿಯ ಅಕ್ಷರಗಳಾಗಿ.

ಸಹಿಗೂ ಗುರುತಿದೆ: ಎರಡು ಅಡ್ಡಗೆರೆ, ನಂತರ ಒಂದು ಖಾಲಿ ಜಾಗ, ಅಷ್ಟೇ ಇರುವ ಸಾಲು. ಯೂಸ್‌ನೆಟ್ ಕಾಲದ ಈ ರೂಢಿಯನ್ನು 2004ರ ಆರ್‌ಎಫ್‌ಸಿ 3676 ದಾಖಲಿಸಿತು. ಸಹಿ ನಾಲ್ಕು ಸಾಲು ಮೀರಬಾರದೆಂದು 1995ರ ಆರ್‌ಎಫ್‌ಸಿ 1855 ಆಗಲೇ ಬುದ್ಧಿ ಹೇಳಿತ್ತು. ಸಾಲಿನ ಕೊನೆಯ ಖಾಲಿ ಜಾಗಗಳನ್ನು ಅಚ್ಚುಕಟ್ಟಾಗಿ ಅಳಿಸಿಹಾಕುವ ಎಡಿಟರ್‌ಗಳು ಈ ಗುರುತನ್ನೂ ಕೆಡಿಸುತ್ತವೆ.

ಬಣ್ಣಕ್ಕೂ ಬಗೆಹರಿಸಲಾಗದ ಒಂದು ಪ್ರಸಂಗವಿದೆ. ಯುನಿಕ್ಸ್‌ನ ಎಂಬಾಕ್ಸ್ ಕ್ರಮದಲ್ಲಿ ಎಲ್ಲ ಪತ್ರಗಳೂ ಒಂದೇ ಕಡತದಲ್ಲಿ ಸಾಲಾಗಿರುತ್ತವೆ. ಇಂಗ್ಲಿಷಿನ 'ಫ್ರಂ' ಪದದಿಂದ ಶುರುವಾಗುವ ಸಾಲು ಬಂತೆಂದರೆ ಹೊಸ ಪತ್ರ ಎಂದರ್ಥ. ಪತ್ರದೊಳಗೇ ಯಾರಾದರೂ ಆ ಪದದಿಂದ ಸಾಲು ಆರಂಭಿಸಿದರೆ ಗೊಂದಲ ತಪ್ಪಿಸಲು ತಂತ್ರಾಂಶ ಅದರ ಮುಂದೆ ಒಂದು > ತುರುಕುತ್ತಿತ್ತು. ಓದುವವರ ಪರದೆಯಲ್ಲಿ ಬರೆದವರ ಸ್ವಂತ ವಾಕ್ಯ ಬೇರೆ ಯಾರದೋ ಬಣ್ಣ ತೊಟ್ಟು ಬರುತ್ತಿತ್ತು.