ಡಿಕ್ಕಿ ಇರೋ ಗಾಡಿ

ನಮ್ಮ ಕಡೆ ಸೆಡಾನ್ ಅನ್ನೋ ಶಬ್ದ ಭಾಳ ತಡಾ ಬಂತು ನೋಡ್ರಿ. ನಮ್ಮ ಅವ್ವ, ಅತ್ತಿಯವ್ರ ಕಾಲಕ್ಕ ಕಾರು ಅಂದ್ರ ಮುಂದ ಇಂಜಿನ್, ನಡುವ ಮಂದಿ, ಹಿಂದ ಡಿಕ್ಕಿ, ಇಷ್ಟ. ಜೀಪ್ ಇತ್ತು, ಆದ್ರ ಅದನ್ನ ಯಾರೂ ಕಾರು ಅಂತಿದ್ದಿಲ್ಲ. ಈಗ ಓಣ್ಯಾಗ ನಿಂತಿದ್ದು ನೋಡಿದ್ರ ಬಹುಪಾಲು ಎತ್ತರದ ಗಾಡಿನ. ಡಿಕ್ಕಿ ಗಾಡಿ ತೊಗೋತೀವಿ ಅಂದ್ರ ಹುಡುಗರು ನಗ್ತಾವ. ಆದ್ರ ಐವತ್ತು ಅರವತ್ತು ವರ್ಷ ನಮ್ಮ ಮನಿ ಮದುವಿ, ಜಾತ್ರಿ, ದವಾಖಾನಿ ಎಲ್ಲಾ ಎಳದಿದ್ದು ಇದ ಗಾಡಿ. ಅದನ್ನ ಹೆಂಗ ನೋಡಿ ಆರಿಸ್ತಿದ್ರು, ಹೊಸಾದೋ ಹಳೇದೋ ಅಂತ ಹೆಂಗ ತೀರ್ಮಾನ ಮಾಡ್ತಿದ್ರು ಅನ್ನೋದನ್ನ ಇವತ್ತ ಬರೀಬೇಕು ಅನಿಸ್ತು. ಗಂಡಸೂರು ಬರದ್ರ ಇಂಜಿನ್ ಕಥಿ ಬರೀತಾರ, ನಾನು ಹಿಂದಿನ ಸೀಟಿಂದ ಕಂಡಿದ್ದು ಬರೀತೀನಿ.

ಮೊದಲ ಒಂದು ಸಂಗತಿ. ನಮ್ಮ ದೇಶದ ಮೊದಲ ಕಾರ್ಖಾನಿಗಳ ಕಥಿಯೊಳಗ ಬೆಂಗಳೂರಿನ ಹೆಸರೂ ಇತ್ತು. ವಿಶ್ವೇಶ್ವರಯ್ಯನವ್ರು 1935ರಾಗ ಯುರೋಪ್, ಅಮೇರಿಕಾ ತಿರಗಿ ಕಾರಿನ ಕಾರ್ಖಾನಿ ನೋಡಿ ಬಂದು, ಇಲ್ಲೂ ಮಾಡಬಹುದು ಅಂತ ಯೋಜನೆ ಬರದ್ರು. ಅವ್ರ ಜೋಡಿ ನಿಂತವ್ರು ವಾಲಚಂದ ಹೀರಾಚಂದ, ನಮ್ಮ ಬಾಜೂ ಸೊಲ್ಲಾಪುರದವ್ರು. ಮೈಸೂರು ಸರ್ಕಾರ ಕೈಗೂಡಿಸಲಿಕ್ಕೆ ತಯಾರಿತ್ತು, ದಿಲ್ಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಡೀಕ 1940ರ ಡಿಸೆಂಬರದಾಗ ಅದ ವಾಲಚಂದರು ಮೈಸೂರು ಸರ್ಕಾರದ ಜೋಡಿ ಬೆಂಗಳೂರಾಗ ಶುರು ಮಾಡಿದ್ದು ವಿಮಾನದ ಕಾರ್ಖಾನಿ, ಇವತ್ತಿನ ಎಚ್.ಎ.ಎಲ್. ಕಾರಿನ ಕಾರ್ಖಾನಿ 1944ರಾಗ ಪ್ರೀಮಿಯರ್ ಆಟೋಮೊಬೈಲ್ಸ್ ಅಂತ ಮುಂಬೈ ಪಾಲಾತು. ಅದಕ್ಕ ಎರಡು ವರ್ಷ ಮೊದಲ ಬಿರ್ಲಾ ಅವ್ರ ಹಿಂದೂಸ್ತಾನ್ ಮೋಟರ್ಸ್ ಹುಟ್ಟಿತ್ತು, ಆಮ್ಯಾಲೆ ಅದು ಕಲಕತ್ತಾ ಹತ್ರ ಉತ್ತರಪಾಡಾದಾಗ ಬೇರು ಬಿಡ್ತು.

ಸ್ವಾತಂತ್ರ್ಯ ಬಂದ ಮ್ಯಾಲೆ ಸರ್ಕಾರ, ಇಲ್ಲೇ ಪೂರ್ತಿ ಗಾಡಿ ಮಾಡೋರು ಇರ್ರಿ, ಬರೇ ಡಬ್ಬಿಯೊಳಗ ತಂದು ಜೋಡಿಸೋರು ಹೋಗ್ರಿ ಅಂತು. ಫೋರ್ಡ್, ಜನರಲ್ ಮೋಟರ್ಸ್ 1950ರ ದಶಕದಾಗ ಗಂಟು ಕಟ್ಟಿದ್ರು. ಉಳಿದದ್ದು ಮೂರ: ಇಂಗ್ಲೆಂಡಿನ ಮೋರಿಸ್ ಆಕ್ಸಫರ್ಡ್ ನೋಡಿ ಮಾಡಿದ ಅಂಬಾಸಿಡರ್, ಇಟಲಿಯ ಫಿಯಾಟ್ 1100, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಮೊದಲಿನ ಗುಂಡನ ಫಿಯಾಟಿಗೆ ಮುಂಬೈ ಕಡೆ ಡುಕ್ಕರ ಫಿಯಾಟ್ ಅಂತಿದ್ರು. ಡುಕ್ಕರ ಅಂದ್ರ ಹಂದಿ, ನಮ್ಮ ಕಡೆಯವ್ರಿಗೆ ಹೇಳೋದೇನು ಬ್ಯಾಡ. ಅದ ಗಾಡಿ ಮುಂದ ರೂಪ ಬದಲಿ ಮಾಡಿ 1974ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿ ಆತು. ಹಂದಿಯಿಂದ ಪದ್ಮಿನಿ!

ಆವಾಗ ಹೊಸಾದೋ ಹಳೇದೋ ಅನ್ನೋ ಪ್ರಶ್ನಿನ ಉಲ್ಟಾ ಇತ್ತು. ಹೊಸಾ ಗಾಡಿ ದರ ಸರ್ಕಾರದ ಹಿಡಿತದಾಗ. ಯಾರಿಗೆ ಕೊಡಬೇಕು, ಯಾವಾಗ ಮಾರಬೇಕು ಅನ್ನೋದಕ್ಕೂ 1959ರಾಗ ಆದೇಶ ಬಂತು. ಹೆಸರು ಹಚ್ಚಿ, ರೊಕ್ಕ ಇಟ್ಟು, ವರ್ಷಗಟ್ಟಲೆ ಕಾಯಬೇಕು. ಹಿಂಗಾಗಿ ತಯಾರ ನಿಂತ ಹಳೇ ಗಾಡಿ ಎಷ್ಟೋ ಸಲ ಹೊಸಾದರಕಿಂತ ತುಟ್ಟಿ! ನಮ್ಮ ಮಾವನವ್ರು ಫಿಯಾಟಿಗೆ ಹೆಸರು ಹಚ್ಚಿದಾಗ ನಮ್ಮ ಮೈದುನ ಹುಟ್ಟಿದ್ದಿಲ್ಲ, ಗಾಡಿ ಬಾಗಲಿಗೆ ಬಂದಾಗ ಅಂವ ಪಾಟಿ ಹಿಡಕೊಂಡು ಒಂದನೇತ್ತಾಕ ಹೋಗ್ತಿದ್ದ ಅಂತ ಅತ್ತಿಯವ್ರು ಹೇಳ್ತಿದ್ರು. ಗಾಡಿ ಯಾವ ಬಣ್ಣದ್ದು ಬೇಕು ಅಂತ ಯಾರೂ ಕೇಳಲಿಲ್ಲ, ಬಂದ ಬಣ್ಣ ತಮ್ಮದು. ಇಂಥಾ ಕಾಲದಾಗ ಗಾಡಿ ಪರೀಕ್ಷಾ ಮಾಡೋದು ಎಲ್ಲೆ ಬಂತು? ಸಿಕ್ಕಿದ್ದ ಛಲೋ.

ಆದ್ರೂ ಮನಿ ಮನ್ಯಾಗ ಪಕ್ಷ ಇದ್ದವು. ಅಂಬಾಸಿಡರ್ ಪಕ್ಷ, ಫಿಯಾಟ್ ಪಕ್ಷ. ಫಿಯಾಟ್ ಹಗುರ, ಪೆಟ್ರೋಲ್ ಕಡಿಮಿ ಕುಡೀತದ, ಊರಾಗ ತಿರಗಸಲಿಕ್ಕೆ ಸರಳ. ಅಂಬಾಸಿಡರ್ ಮಣಭಾರ, ಸ್ಟೇರಿಂಗ್ ತಿರಗಸಬೇಕಂದ್ರ ಭುಜಾ ಬೇಕು, ಆದ್ರ ಹಳ್ಳಿ ರಸ್ತಾ, ಕರೀ ಮಣ್ಣಿನ ಹಾದಿ ಎಲ್ಲಾ ಅದಕ್ಕ ಒಂದ. ಎರಡರಾಗೂ ಗೇರು ಸ್ಟೇರಿಂಗಿನ ಬಾಜೂ ಇರ್ತಿತ್ತು, ಮುಂದಿನ ಸೀಟು ಬೆಂಚಿನಹಂಗ ಒಂದ. ಹಿಂಗಾಗಿ ಮುಂದ ಮೂರು ಮಂದಿ, ತೊಡಿ ಮ್ಯಾಲೆ ಒಂದು ಕೂಸು. ಹಿಂದ ನಾವು. ಯಲ್ಲಮ್ಮನ ಗುಡ್ಡಕ್ಕ ಹೊಂಟ್ರ ಹಿಂದ ಐದು ಹೆಣ್ಣಮಕ್ಕಳು, ಕಾಲಾಗ ರೊಟ್ಟಿ ಗಂಟು, ಮಡಲಾಗ ಹುಡುಗರು. ಡಿಕ್ಕಿ ತುಂಬ ಹಾಸಿಗಿ, ಪಾತ್ರಿ, ನೀರಿನ ಕೊಡ.

ಹಿಂದಿನ ಸೀಟಿನ ನಡುವ ಕೂತವ್ರಿಗೆ ಒಂದು ಸಂಕಟ ಇತ್ತು, ಗಂಡಸೂರು ಯಾರೂ ಅದನ್ನ ಬರದಿಲ್ಲ. ಆ ಗಾಡಿಗೋಳು ಹಿಂದಿನ ಗಾಲಿಯಿಂದ ಓಡೋವು. ಇಂಜಿನ್ ಮುಂದ, ಶಕ್ತಿ ಹೋಗಬೇಕು ಹಿಂದಕ್ಕ, ಅದಕ್ಕ ಒಂದು ಉದ್ದನ ಕಬ್ಬಿಣದ ರಾಡು ಗಾಡಿ ಹೊಟ್ಟಿ ಕೆಳಗ ತಿರಗತದ. ಅದರ ಸಲುವಾಗಿ ನೆಲ ನಡುವ ಉಬ್ಬಿರ್ತದ. ಸೀರಿ ಉಟ್ಟಾಕಿ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ಹುಬ್ಬಳ್ಳಿಯಿಂದ ಬದಾಮಿ ತನಕ ಕೂಡಬೇಕು. ಆ ಜಾಗಾ ಯಾವಾಗಲೂ ಮನಿ ಸಣ್ಣ ಸೊಸಿಗೆ ಇರ್ತಿತ್ತು, ಹೇಳಬೇಕಾಗಿಲ್ಲ. 1990ರಾಗ ಮಾರುತಿ 1000 ಬಂತಲ್ಲ, ಅದು ಮುಂದಿನ ಗಾಲಿಯಿಂದ ಎಳೆಯೋ ಗಾಡಿ. ರಾಡು ಹೋತು, ಉಬ್ಬು ಇಳೀತು. ಪತ್ರಿಕಿಯವ್ರು ಅದರ ವೇಗ ಬರದ್ರು, ₹3.8 ಲಕ್ಷದ ಆಸುಪಾಸಿನ ದರ ಕೇಳಿ ಮಂದಿ ಬಾಯಿ ಬಿಟ್ರು. ನನಗ ಕೇಳಿದ್ರ ಇತಿಹಾಸ ಆಗಿದ್ದು ಆ ಉಬ್ಬಿಂದು.

ನಡುವಿನ ಎಂಬತ್ತರ ದಶಕ ಜಲ್ದಿ ಮುಗಸ್ತೀನಿ. 1983ರ ಡಿಸೆಂಬರದಾಗ ಮಾರುತಿ 800 ಬಂತು, ಅದಕ್ಕ ಡಿಕ್ಕಿ ಇದ್ದೂ ಇಲ್ಲದಂಗ. ದೊಡ್ಡವ್ರಿಗೆ ಕಾಂಟೆಸಾ, ಪ್ರೀಮಿಯರ್ 118 ಎನ್.ಇ, ಸ್ಟ್ಯಾಂಡರ್ಡ್ 2000 ಬಂದ್ವು. ನಮ್ಮಂಥವ್ರು ದೂರಿಂದ ನೋಡಿದ್ವಿ.

ಖರೇ ಬದಲಾವಣಿ 1991ರ ಆಮ್ಯಾಲಿಂದು. 1993ರಾಗ ಕಾರು ಮಾಡಲಿಕ್ಕೆ ಲೈಸೆನ್ಸ್ ಬೇಕಿಲ್ಲ ಅಂತ ಆತು. ಮಾರುತಿ ಎಸ್ಟೀಮ್, ಡೇವೂ ಸಿಯೆಲೊ, ಓಪೆಲ್ ಆಸ್ಟ್ರಾ, ಫೋರ್ಡ್ ಎಸ್ಕಾರ್ಟ್, 1998ರಾಗ ಹೋಂಡಾ ಸಿಟಿ, 1999ರಾಗ ಹ್ಯುಂಡೈ ಆಕ್ಸೆಂಟ್, ಫೋರ್ಡ್ ಐಕಾನ್. ಸಾಲ ಕೊಡೋ ಬ್ಯಾಂಕಿನವ್ರು ತಾವ ಮನೀಗೆ ಬರೋಹಂಗಾತು. ಆವಾಗ ಮೊದಲ ಸಲ ನಮ್ಮ ಮಂದಿಗೆ ಆರಿಸೋ ಪ್ರಸಂಗ ಬಂತು. ಆರಿಸಿದ್ದರಾಗ ಎಷ್ಟೋ ಕಂಪನಿ ಆಮ್ಯಾಲೆ ಮುಚ್ಚಿಕೊಂಡು ಹೋದ್ವು. ಡೇವೂ ಹೋತು. ಓಪೆಲ್ ಹೋತು. ಜನರಲ್ ಮೋಟರ್ಸ್ 2017ರಾಗ ಇಲ್ಲೆ ಗಾಡಿ ಮಾರೋದು ಬಿಡ್ತು, ಫೋರ್ಡ್ 2021ರಾಗ ಇಲ್ಲೆ ಗಾಡಿ ಮಾಡೋದು ನಿಲ್ಲಿಸ್ತೀವಿ ಅಂತ ಹೇಳ್ತು. ಹಳೇ ಗಾಡಿ ತೊಗೊಳ್ಳೋವ್ರು ಇದನ್ನ ನೆನಪಿಡ್ರಿ: ಗಾಡಿ ಎಷ್ಟ ಗಟ್ಟಿ ಇರಲಿ, ಸಾಮಾನು ಸಿಗೋದು ಯಾರ ಕಡೆ, ನಿಮ್ಮೂರಾಗ ಅದನ್ನ ಬಿಚ್ಚೋ ಮೇಸ್ತ್ರಿ ಇದ್ದಾನೋ ಇಲ್ಲೋ ಅನ್ನೋದು ಮೊದಲ ಪ್ರಶ್ನಿ. ಅಂಬಾಸಿಡರ್ 2014ರ ತನಕ ನಡದಿದ್ದು ಅದ ಬಲದ ಮ್ಯಾಲೆ. ಮುರಗೋಡದಾಗ ಕೆಟ್ಟು ನಿಂತ್ರ ಮುರಗೋಡದಾಗ ರಿಪೇರಿ.

ನಮ್ಮ ಬೆಳಗಾವಿ ಕಡೆಯವ್ರಿಗೆ ಅಭಿಮಾನದ ಒಂದು ಎಳಿ ಇದರಾಗ ಅದ. ಗುರ್ಲಹೊಸೂರಾಗ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಾಗ ಬೆಳಗಾವ್ಯಾಗ ಸೈಕಲ್ ಅಂಗಡಿ ಇಟ್ಟವ್ರು. ಆಮ್ಯಾಲೆ ಕಬ್ಬಿಣದ ನೇಗಲಾ ಮಾಡಿದ್ರು. ಅದ ಮನೆತನದವ್ರು 1997ರಾಗ ಜಪಾನಿನ ಟೊಯೋಟಾ ಜೋಡಿ ಬಿಡದಿ ಕಾರ್ಖಾನಿಗೆ ಕೈ ಹಾಕಿದ್ರು. ಅಲ್ಲಿಂದ 2010ರ ಡಿಸೆಂಬರದಾಗ ಬಂದಿದ್ದು ಇಟಿಯೋಸ್. ನೋಡಲಿಕ್ಕೆ ಸಾದಾ, ಒಳಗಿನ ಪ್ಲಾಸ್ಟಿಕ್ ನೋಡಿ ಹುಡುಗರು ಮೂಗು ಮುರದ್ರು. ಆದ್ರ ಹಿಂದಿನ ನೆಲ ಹತ್ತತ್ರ ಸಪಾಟ, ಡಿಕ್ಕಿ 595 ಲೀಟರ್. ಬೆಂಗಳೂರಿನ ಟ್ಯಾಕ್ಸಿಯವ್ರು ಅದನ್ನ ಸುಮ್ಮ ಆರಿಸಲಿಲ್ಲ.

ಡಿಕ್ಕಿ ಸಣ್ಣದಾಗಿದ್ದಕ್ಕೂ ಒಂದು ಕಾರಣ ಅದ. 2006ರ ಬಜೆಟ್ಟಿನಾಗ, ನಾಲ್ಕು ಮೀಟರಿನೊಳಗಿನ ಸಣ್ಣ ಇಂಜಿನಿನ ಗಾಡಿಗೆ ತೆರಿಗಿ ಕಡಿಮಿ ಮಾಡಿದ್ರು. ಕಂಪನಿಯವ್ರು ಏನ ಮಾಡಿದ್ರು? ಹಿಂದಿನ ಬಾಲ ಕತ್ತರಿಸಿದ್ರು! ಸ್ವಿಫ್ಟ್ ಡಿಜೈರ್ 2008ರಾಗ ಬಂದಾಗ ಡಿಕ್ಕಿ 440 ಲೀಟರ್ ಇತ್ತು, 2012ರ ಡಿಜೈರ್‌ದು 316. ಮಧ್ಯಮ ಗಾತ್ರದ್ದು ಅನ್ನೋ ಸೆಡಾನ್ ಅಂದ್ರ ಈ ಕತ್ತರಿಗೆ ಸಿಗದ ಗಾಡಿ: ಸಿಟಿ, ವರ್ನಾ, ಸಿಯಾಜ್, ವರ್ಟಸ್, ಸ್ಲಾವಿಯಾ. ಸಿಯಾಜಿನ ಡಿಕ್ಕಿ 510 ಲೀಟರ್. ಬಾಣಂತಿ ಸಾಮಾನು, ತೊಟ್ಟಲಾ ಬಿಚ್ಚಿ ಇಟ್ರ ಅದೂ, ಎಲ್ಲಾ ಹಿಡೀತದ.

ತೊಟ್ಟಲಾ ಯಾಕ ಬಂತು ಅಂದ್ರ, ಎರಡು ತಿಂಗಳಿಂದ ನಮ್ಮ ಮನ್ಯಾಗ ಇದ ಚರ್ಚಾ. ನಮ್ಮ ತಂಗಿ ಮಗಳಿಗೆ ಈಗ ಏಳು ತಿಂಗಳು. ಗಂಡ ಹೆಂಡ್ತಿ ಕಡೆ ₹9 ಲಕ್ಷ ಅದ, ಅದರಾಗ ಆಕಿ ಬಂಗಾರದ ಪಾಟ್ಲಿ ಮಾರಿದ ರೊಕ್ಕಾನೂ ಅದ. ಹೊಸಾ ಸಣ್ಣ ಗಾಡಿ ತೊಗೋಬೇಕೋ, ನಾಲ್ಕಾರು ವರ್ಷ ಓಡಿದ ದೊಡ್ಡ ಸೆಡಾನ್ ತೊಗೋಬೇಕೋ? ಅಳಿಯಂದು ಹೊಸಾದಕ್ಕ ಮನಸ್ಸು, ಶೋರೂಮಿನಾಗ ಬಲೂನ್ ಕಟ್ಟಿ ಕೀಲಿ ಕೊಡ್ತಾರಲ್ಲ, ಅದು.

ನಾನು ಹಳೇದಕ್ಕ ಅಂದೆ. ಯಾಕಂದ್ರ ಎಲ್ಲಾರೂ ಎತ್ತರದ ಗಾಡಿ ಹಿಂದ ಬಿದ್ದಾರ, ಡಿಕ್ಕಿ ಗಾಡಿ ದರ ಇಳದದ. ಹೊಸಾ ದೊಡ್ಡ ಸೆಡಾನ್ ಬಹುತೇಕ ₹10 ಲಕ್ಷ ದಾಟ್ತಾವ, ದಾಟಿದ ಕೂಡಲೆ ನಮ್ಮ ರಾಜ್ಯದಾಗ ಜೀವಮಾನದ ತೆರಿಗಿ 17 ಪರ್ಸೆಂಟ್. ₹11 ಲಕ್ಷದ ಗಾಡಿಗೆ ₹1,87,000, ಅದರ ಮ್ಯಾಲೆ ಸೆಸ್ ಬ್ಯಾರೆ. ಹಳೇ ಗಾಡಿಗೆ ಅದನ್ನ ಮೊದಲಿನ ಮಾಲಕ ಕಟ್ಟಿ ಮುಗಿಸಿರ್ತಾನ. ಗೋವಾ, ಕೊಲ್ಲಾಪುರದ ಗಾಡಿ ಸೋವಿ ಅಂತ ಓಡಬ್ಯಾಡ್ರಿ, ಇಲ್ಲಿ ನಂಬರಿಗೆ ತರೋವಾಗ ಮತ್ತ ತೆರಿಗಿ ಕಟ್ಟಬೇಕು.

ಆದ್ರ ರೊಕ್ಕಕ್ಕಿಂತ ದೊಡ್ಡ ಮಾತು ಬ್ಯಾರೆ. 2021ರ ಜನವರಿಯೊಳಗ, ಸಂಕ್ರಾಂತಿ ಮರುದಿನ, ಇಟಿಗಟ್ಟಿ ಹತ್ರ ಬೈಪಾಸಿನಾಗ ಆದದ್ದು ಧಾರವಾಡದವ್ರು ಯಾರೂ ಮರೆತಿಲ್ಲ. ದಾವಣಗೆರೆಯಿಂದ ಗೋವಾಕ್ಕ ಹೊಂಟ ಶಾಲಿ ಗೆಳತ್ಯಾರ ಗಾಡಿ ಟಿಪ್ಪರಿಗೆ ಡಿಕ್ಕಿ ಆಗಿ ಹತ್ತಕ್ಕಿಂತ ಹೆಚ್ಚು ಜೀವ ಹೋದ್ವು, ಹೆಚ್ಚಿನವ್ರು ನಮ್ಮಂಥ ಮನಿ ಹೆಣ್ಣಮಕ್ಕಳು. ಮರುವರ್ಷ ಸೆಪ್ಟೆಂಬರದಾಗ ಪಾಲಘರದ ಹತ್ರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ್ರು. ಕೋಟಿ ಬೆಲೆಯ ಮಂದಿ, ಗಟ್ಟಿ ಗಾಡಿ, ಹಿಂದಿನ ಸೀಟು, ಬೆಲ್ಟ್ ಇಲ್ಲ. ಹಿಂದ ಕೂಡೋವ್ರು ಯಾರು? ನಾವು, ಮಕ್ಕಳು, ಮುದುಕರು. ಇಷ್ಟು ವರ್ಷ ಗಾಡಿ ಆರಿಸಿದವ್ರು ಮುಂದಿನ ಸೀಟಿನವ್ರು. 2023ರಾಗ ಸ್ಲಾವಿಯಾ, ವರ್ಟಸ್, ವರ್ನಾ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಾದಾಗ ಐದು ಸ್ಟಾರ್ ತೊಗೊಂಡ್ವು. ಅದಕ್ಕ ಮೊದಲಿನ ನಾಲ್ಕನೇ ಪೀಳಿಗಿ ಹೋಂಡಾ ಸಿಟಿಗೆ ನಾಲ್ಕು. ಕೂಸಿನ ಸೀಟು ಕೂಡಿಸೋ ಐಸೋಫಿಕ್ಸ್ ಕೊಂಡಿ ಹಿಂದಿನ ಸೀಟಿನ ಸಂದ್ಯಾಗ ಇರ್ತದ, ಬೆರಳು ಹಾಕಿ ಮುಟ್ಟಿ ನೋಡ್ರಿ.

ಹಳೇ ಗಾಡಿ ನೋಡಲಿಕ್ಕೆ ನಾನೂ ಹೋಗಿದ್ದೆ. ಹೋಗೋ ಮೊದಲ ಫೋನ್ ಮಾಡಿ, ಗಾಡಿ ಚಾಲೂ ಮಾಡಿ ಇಡಬ್ಯಾಡ್ರಿ ಅಂತ ಹೇಳಿಸಿದ್ವಿ. ತಣ್ಣನ ಇಂಜಿನ್ ಹೆಂಗ ಏಳ್ತದ, ಏನ ಹೊಗಿ ಬಿಡ್ತದ ಅನ್ನೋದು ಬೆಳಿಗ್ಗೆ ಮೊದಲ ಕೀಲಿಗೆ ತಿಳೀತದ. ಮೀಟರಿನಾಗ 40 ಸಾವಿರ ಕಿಲೋಮೀಟರ್ ಇದ್ದು ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗ ಸವದಿದ್ರ, ಮೀಟರ್ ಸುಳ್ಳು ಹೇಳ್ತದ ಅಂತ ಅರ್ಥ. ಟಾಯರಿನ ಬಾಜೂ ನಾಲ್ಕು ಅಂಕಿ ಇರ್ತಾವ, ಮೊದಲಿನ ಎರಡು ವಾರ, ಕಡೀ ಎರಡು ವರ್ಷ. ಡಿಕ್ಕ್ಯಾಗಿನ ಸ್ಟೆಪ್ನಿ ಎತ್ತಿ ಕೆಳಗ ಕೈ ಹಾಕ್ರಿ, ಕೆಸರು, ತುಕ್ಕು ಇದ್ರ ಹಿಂದ ಗುದ್ದಿಸಿಕೊಂಡದ ಇಲ್ಲಾ ನೀರಾಗ ನಿಂತದ. 2019ರ ಮಹಾಪೂರದಾಗ ನಮ್ಮ ಜಿಲ್ಲಾಗಳಾಗ ಎಷ್ಟು ಗಾಡಿ ಮುಳುಗಿದ್ವು, ಅವು ಎಲ್ಲೂ ಹೋಗಿಲ್ಲ, ತೊಳದು ಮಾರಾಟಕ್ಕ ಬಂದಾವ. ಈ ಪರೀಕ್ಷಾಕ್ಕ ನಮ್ಮ ಮೂಗು ಸಾಕು. ಕಿಟಕಿ ಮುಚ್ಚಿ ಎಸಿ ಹಚ್ಚಿಸಿ ಐದು ನಿಮಿಷ ಕೂಡ್ರಿ. ಅತ್ತರದ ಡಬ್ಬಿ ಇಟ್ಟಿದ್ರ ಮೊದಲ ತೆಗೆಸ್ರಿ. ಹಸೀ ಗೋಣಿಚೀಲದ ವಾಸನಿ ಬಂತಂದ್ರ ಇಳದು ಬರ್ರಿ. ಹಂಗ ಒಂದು ಗಾಡಿಯಿಂದ ನಾವು ಇಳದು ಬಂದ್ವಿ, ಮಾರೋನು ‘ಅಕ್ಕಾರ, ಮಳಿಗಾಲ ಅಲ್ರಿ’ ಅಂದ. ಮಳಿಗಾಲ ಎಲ್ಲಾ ಗಾಡಿಗೂ ಬರ್ತದಪಾ ಅಂದೆ.

ಡೀಸೆಲ್ ಬ್ಯಾಡ ಅಂದೆ, ಅವ್ರ ಓಡಾಟ ಧಾರವಾಡ ಹುಬ್ಬಳ್ಳಿ ಅಷ್ಟ. ಕಡೀಕ ಪಸಂದ ಬಂದಿದ್ದು 2019ರ ಪೆಟ್ರೋಲ್ ಸಿಟಿ, ಒಬ್ಬರ ಮಾಲಕ್ರು, ಸರ್ವಿಸಿನ ಚೀಟಿ ಎಲ್ಲಾ ಇದ್ವು. ಆರ್‌ಸಿ ಮ್ಯಾಲೆ ಬ್ಯಾಂಕಿನ ಸಾಲದ ಹೆಸರು ಇನ್ನೂ ಇತ್ತು. ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಕೈಗೆ ಬರೋ ತನಕ ಪೂರ್ತಿ ರೊಕ್ಕ ಕೊಡಬ್ಯಾಡ ಅಂತ ಅಳಿಯಗ ಹೇಳಿದ್ವಿ, ಅಂವ ಹಂಗ ಮಾಡ್ದ. ಇನ್ಶೂರೆನ್ಸ್ ತಮ್ಮ ಹೆಸರಿಗೆ ಮಾಡಿಸಲಿಕ್ಕೆ 14 ದಿನದೊಳಗ ಅರ್ಜಿ ಕೊಡಬೇಕು, ಅದನ್ನೂ ಕೊಟ್ಟಾರ.

ಹಿಂದಿನ ಬೆಲ್ಟ್ ಮಾತ್ರ ಕಾಣವಲ್ಲದು. ಹುಡುಕಿದ್ರ ರೆಕ್ಸಿನ್ ಸೀಟ್ ಕವರಿನ ಕೆಳಗ ಮೂರೂ ಬಕಲ್ ಮುಚ್ಚಿ ಹೋಗಿದ್ವು, ಆರು ವರ್ಷದಾಗ ಒಮ್ಮೆನೂ ಹೊರಗ ಬಂದಿಲ್ಲ, ಬೆಲ್ಟಿನ ಪಟ್ಟಿ ಹೊಸಾದ ಹೊಸಾದು. ಕವರ್ ಹೊಲಿಯೋನ ಕಡೆ ಹೋಗಿ ಮೂರು ಕಡೆ ಕತ್ತರಿಸಿ, ಅಂಚು ಹೊಲಿಸಿಕೊಂಡು ಬಂದಾರ. ₹200 ತೊಗೊಂಡಾನ.